ಚಪ್ಪರ ತುಂಬ ಬಳ್ಳಿ, ಹೂವೇ ಇಲ್ಲ

ಪ್ರಶ್ನೆ: ಯುಗಾದಿ ಹೊತ್ತಿಗೆ ಊರಿದ ರೆಕ್ಕೆ ಅವರೆ ಚಪ್ಪರ ತುಂಬಿದೆ. ಆಗಸ್ಟ್ ಬಂದರೂ ಒಂದು ಹೂವಿಲ್ಲ. ಕಿತ್ತುಹಾಕಲೇ?
– ಓದುಗರು, ಗದಗ

ಉತ್ತರ: ದಯವಿಟ್ಟು ಕೀಳಬೇಡಿ. ನಾಲ್ಕು ಏಣಿನ ಕಾಯಿ ಬಿಡುವ ಈ ಬಳ್ಳಿ ಹೂ ಬಿಡುವುದು ಹಗಲು ಗಿಡ್ಡಾದಾಗ. ನಮ್ಮ ಕಡೆ ಹಗಲು 12 ತಾಸಿಗಿಂತ ಕಡಿಮೆಯಾಗುವುದು ಸೆಪ್ಟೆಂಬರ್ ಮುಗಿದ ಮೇಲೆ, ಅಲ್ಲಿಯವರೆಗೆ ಕಾಯಿರಿ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ. ಬೇರಿನ ಗಂಟುಗಳೇ ಸಾರಜನಕ ಒದಗಿಸುತ್ತವೆ, ಹೆಚ್ಚಾದರೆ ಬರೀ ಎಲೆ.

ಮುಂದಿನ ಸಲ ಜೂನ್-ಜುಲೈನಲ್ಲಿ ಊರಿ. ಬೀಜದ ಸಿಪ್ಪೆ ಬಹಳ ಬಿರುಸು: ಒಂದು ಬದಿ ಸ್ವಲ್ಪ ಉಜ್ಜಿ, ರಾತ್ರಿಯಿಡೀ ನೆನೆಸಿ, ಉಬ್ಬಿದವನ್ನಷ್ಟೇ 2 ಸೆಂ.ಮೀ. ಆಳಕ್ಕೆ, 2 ಅಡಿ ಅಂತರದಲ್ಲಿ ಹಾಕಿ. ಎರೆಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಅರ್ಧ ಅಡಿ ಏರುಮಡಿ ಬೇಕೇಬೇಕು. ಕಾಯಿ ಎಳೆಯದಾಗಿದ್ದಾಗಲೇ ಕೊಯ್ಯಿರಿ, ಬಲಿತರೆ ನಾರು.