ಫ್ಯೂಜಿ ಪರ್ವತ ಹತ್ತಲಾಗದವರು ಫ್ಯೂಜಿನೋಮಿಯಾದ ಮ್ಯೂಸಿಯಂಗೆ ಹೋದರೆ ಸಾರ್ಥಕವೇ?

ಖಂಡಿತ ಸಾರ್ಥಕ. ಜಪಾನಿನ ಶಿಜುವೋಕಾ ಪ್ರಾಂತ್ಯದ ಫ್ಯೂಜಿನೋಮಿಯಾ ಊರಿನಲ್ಲಿ 2017ರ ಡಿಸೆಂಬರ್‌ನಲ್ಲಿ ತೆರೆದ ಫ್ಯೂಜಿ ವಿಶ್ವ ಪರಂಪರೆ ಕೇಂದ್ರವಿದು. ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು.

ಒಳಗೆ ಹೋಗುವ ಆತುರ ಬೇಡ. ಮೊದಲು ಮುಂದಿನ ಕೊಳದ ಅಂಚಿನಲ್ಲಿ ಒಂದು ನಿಮಿಷ ನಿಲ್ಲಿ. ವಾಸ್ತುಶಿಲ್ಪಿ ಶಿಗೆರು ಬಾನ್ ಹಿನೋಕಿ ಮರದ ಪಟ್ಟಿಗಳನ್ನು ಹೆಣೆದು ಕಟ್ಟಿಸಿದ್ದು ತಲೆಕೆಳಗಾದ ಶಂಕು. ನೀರಿನಲ್ಲಿ ಕಾಣುವುದು ನೆಟ್ಟಗೆ ನಿಂತ ಫ್ಯೂಜಿ! ಗಾಳಿ ಬೀಸಿದರೆ ಬೆಟ್ಟವೇ ನಡುಗಿದಂತೆ ಕಾಣುತ್ತದೆ.

ಒಳಗೆ ಮೇಲಕ್ಕೇರುವ 193 ಮೀಟರ್ ಉದ್ದದ ಸುರುಳಿ ದಾರಿ. ಕಡಲತೀರದಿಂದ ಶಿಖರದವರೆಗಿನ ದೃಶ್ಯಗಳು ಗೋಡೆಯ ಮೇಲೆ ಜೊತೆಗೇ ಸಾಗುತ್ತವೆ. ಮೇಲೆ ತಲುಪಿದರೆ ದೊಡ್ಡ ಕಿಟಕಿಯಾಚೆ ನಿಜವಾದ ಪರ್ವತ, 3776 ಮೀಟರ್. ಮೋಡವಿದ್ದರೆ ಕಾಣದು, ಹಾಗಾಗಿ ಚಳಿಗಾಲದ ಬೆಳಗ್ಗೆ ಹೋಗುವುದೇ ಒಳ್ಳೆಯದು.

ಫ್ಯೂಜಿಗೆ 2013ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿದ್ದು ಪ್ರಕೃತಿ ತಾಣವೆಂದಲ್ಲ, ಪವಿತ್ರ ಸ್ಥಳ ಮತ್ತು ಕಲೆಯ ಸ್ಫೂರ್ತಿ ಎಂದು. ಇದು ನನಗೆ ಬಹಳ ಮುಖ್ಯ ಅನಿಸುತ್ತದೆ. ಅದಕ್ಕೇ ಪಕ್ಕದ ಸೆಂಗೆನ್ ದೇಗುಲವನ್ನು ಬಿಡಬೇಡಿ. ಅಲ್ಲಿ ಪರ್ವತದೇವತೆ ಕೊನೊಹನಸಕುಯಾಹಿಮೆಯ ಆರಾಧನೆ ನಡೆಯುತ್ತದೆ. ಫ್ಯೂಜಿಯ ಹಿಮ ಕರಗಿ, ನೆಲದೊಳಗೆ ಇಂಗಿ ಬಂದ ನೀರು ಅಲ್ಲಿನ ವಾಕುತಮಾ ಕೊಳದಲ್ಲಿ ಉಕ್ಕುತ್ತದೆ. ಹಿಂದಿನ ಯಾತ್ರಿಕರು ಮೈ ಶುದ್ಧಮಾಡಿಕೊಂಡು ಬೆಟ್ಟ ಹತ್ತಲು ಹೊರಡುತ್ತಿದ್ದುದು ಇಲ್ಲಿಂದಲೇ.