ಉಕ್ರೇನಿಗೆ ಎಂಬಿಬಿಎಸ್‌ಗೆ ಹೋಗಲೇ ಎಂದು ಕೇಳಿದ ಸಕಲೇಶಪುರದ ಹುಡುಗಿಗೆ

ನಿನ್ನ ಪತ್ರ ಓದಿದೆ. ನೀಟ್ ಪಾಸಾಗಿದೆ, ಆದರೆ ಹಾಸನದ ಹಿಮ್ಸ್‌ನಲ್ಲಾಗಲಿ ಚಿಕ್ಕಮಗಳೂರಿನ ಸರ್ಕಾರಿ ಕಾಲೇಜಿನಲ್ಲಾಗಲಿ ಸೀಟು ಸಿಗುವಷ್ಟು ಅಂಕ ಬಂದಿಲ್ಲ. ಖಾಸಗಿ ಸೀಟಿಗೆ ಅಪ್ಪನ ತೋಟ ಮಾರಿದರೂ ಸಾಲದು. ಪಶ್ಚಿಮ ಉಕ್ರೇನಿನಲ್ಲಿ ಯುದ್ಧದ ಸುಳಿವೇ ಇಲ್ಲ, ಅಲ್ಲಿ ಸೇರಿಸುತ್ತೇನೆ ಎಂದು ಏಜೆಂಟ್ ಹೇಳಿದ್ದಾನೆ. ಅಲ್ಲಿ ಬದುಕು ಹೇಗೆ, ಪಾಠ ನಿಜವಾಗಿ ನಡೆಯುತ್ತದೆಯೇ ಎಂದು ಕೇಳಿದ್ದೀಯ. ನಾನಿರುವುದು ಪಕ್ಕದ ಪೋಲೆಂಡಿನ ವಾರ್ಸಾದಲ್ಲಿ. ಬಹಳ ವರ್ಷಗಳಿಂದ ಇಲ್ಲೇ ನೆಲೆ ನಿಂತವನು, ಗಡಿಯಾಚೆ ಕಲಿಸುವ ಸ್ನೇಹಿತರಿದ್ದಾರೆ. ಗೊತ್ತಿರುವುದನ್ನು ಹೇಳುತ್ತೇನೆ.

ಚಳಿ, ಊಟಕ್ಕೆ ಹೆದರಬೇಡ. ಅಕ್ಕಿ ಬೇಳೆ ಸಿಗುತ್ತದೆ, ಮೊದಲ ಚಳಿಗಾಲ ಕಳೆದರೆ ಮೈ ಒಗ್ಗುತ್ತದೆ. ವಿಮಾನ ಮಾತ್ರ ಇಲ್ಲ. 2022ರ ಫೆಬ್ರವರಿ 24ರಿಂದ ಉಕ್ರೇನಿನ ಆಕಾಶ ಪ್ರಯಾಣಿಕರಿಗೆ ಮುಚ್ಚಿದೆ. ಪೋಲೆಂಡಿನ ಗಡಿ ಊರು ಪ್ಶೆಮಿಶಲ್‌ನಿಂದ ರೈಲು ಹಿಡಿಯಬೇಕು. ಸುಳಿವೇ ಇಲ್ಲ ಎನ್ನುವುದು ಸುಳ್ಳು. ಪಶ್ಚಿಮದ ಊರುಗಳಾದ ಲ್ವೀವ್‌ಗೂ ತೆರ್ನೋಪಿಲ್‌ಗೂ ಕ್ಷಿಪಣಿ ಬಿದ್ದಿದೆ. ರಾತ್ರಿ ಕರ್ಫ್ಯೂ ಇದೆ, ಸೈರನ್ ಇದೆ.

ಪಾಠ? ನಡೆಯುತ್ತದೆ. ಹೇಗೆ ನಡೆಯುತ್ತದೆ ಎಂಬುದನ್ನು ನೀನು ಸರಿಯಾಗಿ ತಿಳಿಯಬೇಕು.

2022ರ ಮಾರ್ಚ್‌ನಲ್ಲಿ ನಮ್ಮ ಮಕ್ಕಳು ಗಡಿ ದಾಟಿ ಪೋಲೆಂಡಿನ ಜೆಶೂಫ್‌ನಿಂದ ಊರಿಗೆ ವಿಮಾನ ಹತ್ತುತ್ತಿದ್ದರು. ಹಾವೇರಿಯ ಒಬ್ಬ ಹುಡುಗ ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡಿದ್ದ. ಅದೇ ತಿಂಗಳಲ್ಲಿ ಕಾಲೇಜುಗಳು ಆನ್‌ಲೈನ್‌ನಲ್ಲಿ ಪಾಠ ಶುರು ಮಾಡಿದವು. ಮನೆ ಬಿಟ್ಟು ಬಂದ ಅಧ್ಯಾಪಕರು ನೆಲಮಾಳಿಗೆಯಲ್ಲಿ ಕೂತು ಪೆಥಾಲಜಿ ಹೇಳುತ್ತಿದ್ದರು. ಇತ್ತ ಹಾಸನ ಜಿಲ್ಲೆಯ ಮನೆಗಳಲ್ಲಿ ಮಕ್ಕಳು ಫೋನ್ ಹಿಡಿದು ಕೂರುತ್ತಿದ್ದರು. ಪಾಠದ ನಡುವೆ ಉಕ್ರೇನಿನ ಸೈರನ್ ಈ ಮನೆಗಳಿಗೆ ಕೇಳಿಸುತ್ತಿತ್ತು. ಆ ಅಧ್ಯಾಪಕರ ಬಗ್ಗೆ ನನಗೆ ಬಹಳ ಗೌರವ. ಅಕ್ಟೋಬರ್‌ನಿಂದ ವಿದ್ಯುತ್ ಜಾಲದ ಮೇಲೆ ದಾಳಿ ಶುರುವಾದಾಗ ಪಾಠ ರೆಕಾರ್ಡ್ ಮಾಡಿಟ್ಟರು, ಜನರೇಟರ್ ತಂದರು. ಎದುರೆದುರು ಕೂರಿಸಿ ಪಾಠ ಮಾಡಬೇಕಾದರೆ ಬಾಂಬ್ ಆಶ್ರಯ ತಾಣದಲ್ಲಿ ಎಷ್ಟು ಜನ ಹಿಡಿಸುತ್ತಾರೋ ಅಷ್ಟೇ ಮಂದಿ. ರಕ್ತಸ್ರಾವ ನಿಲ್ಲಿಸುವ ಟೂರ್ನಿಕೆ ಕಟ್ಟುವುದು, ಗಾಯಾಳುಗಳಲ್ಲಿ ಯಾರನ್ನು ಮೊದಲು ನೋಡಬೇಕೆಂದು ವಿಂಗಡಿಸುವುದು ಈಗ ಓದಿನ ಭಾಗ. ಪೂರ್ವ ಉಕ್ರೇನಿನ ಲುಹಾನ್‌ಸ್ಕ್‌ನ ವೈದ್ಯಕೀಯ ವಿಶ್ವವಿದ್ಯಾಲಯ 2014ರಲ್ಲಿ ಊರು ಬಿಟ್ಟು ರುಬಿಝ್ನೆಗೆ ಬಂತು, 2022ರಲ್ಲಿ ಅಲ್ಲಿಂದಲೂ ಎದ್ದು ಪಶ್ಚಿಮದ ರಿವ್ನೆಗೆ ಹೋಯಿತು.

ಉಪನ್ಯಾಸವನ್ನು ಎಲ್ಲಿಗಾದರೂ ಹೊತ್ತೊಯ್ಯಬಹುದು, ರೋಗಿಯ ಹಾಸಿಗೆಯನ್ನು ಹೊತ್ತೊಯ್ಯಲಾಗದು. ಕಾಫಿ ಗಿಡದ ಚಿಗುರು ತೆಗೆಯುವುದನ್ನು ಫೋನಿನಲ್ಲಷ್ಟೇ ನೋಡಿದವನ ಕೈಗೆ ನಿಮ್ಮಪ್ಪ ತೋಟ ಬಿಡುತ್ತಾರಾ? ಹೊಟ್ಟೆ ಮುಟ್ಟಿ ನೋಡುವುದು, ಹೆರಿಗೆ ಕೋಣೆಯಲ್ಲಿ ರಾತ್ರಿಯಿಡೀ ನಿಲ್ಲುವುದು, ಇವಕ್ಕೆ ಗೊಂಬೆಯ ಮೇಲಿನ ಅಭ್ಯಾಸ ಸ್ವಲ್ಪ ದೂರ ಮಾತ್ರ ಬರುತ್ತದೆ.

ನಾನಿರುವ ಊರಿಗೆ ಇದು ಹಳೆಯ ಪಾಠ. ನಾಜಿಗಳು ಇಲ್ಲಿನ ವಿಶ್ವವಿದ್ಯಾಲಯಗಳನ್ನು ಮುಚ್ಚಿಸಿದ ಮೇಲೆ, 1941ರಲ್ಲಿ ಯಾನ್ ಝಾವೊರ್ಸ್ಕಿ ಎಂಬ ಶಸ್ತ್ರವೈದ್ಯ ಆರೋಗ್ಯ ಸಹಾಯಕರ ತರಬೇತಿ ಶಾಲೆ ಎಂದು ಅನುಮತಿ ಪಡೆದು, ಒಳಗೆ ಗುಟ್ಟಾಗಿ ಪೂರ್ತಿ ವೈದ್ಯಕೀಯ ಕಲಿಸಿದರು. ಯಹೂದಿಗಳನ್ನು ಕೂಡಿಹಾಕಿದ್ದ ಗೆಟ್ಟೋ ಒಳಗೆ ಯೂಲಿಯುಷ್ ಝ್ವೈಬಾಉಮ್ ಸಾಂಕ್ರಾಮಿಕ ರೋಗ ತಡೆಯ ಕೋರ್ಸ್ ಎಂಬ ಹೆಸರಿನಲ್ಲಿ ಅದನ್ನೇ ಮಾಡಿದರು. ಅಲ್ಲಿ ಪಾಠ ಕೇಳಿದವರಲ್ಲಿ ಬದುಕುಳಿದವರು ಕಡಿಮೆ. ಅದೇ 1941ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪೋಲಿಷ್ ವೈದ್ಯಕೀಯ ಶಾಲೆ ತೆರೆಯಿತು. 1949ರಲ್ಲಿ ಮುಚ್ಚುವ ಹೊತ್ತಿಗೆ 227 ಮಂದಿ ಅಲ್ಲಿ ಪದವಿ ಪಡೆದಿದ್ದರು. ಆ ಶಾಲೆ ನಿಂತದ್ದು ಅದಕ್ಕೆ ತನ್ನದೇ ಪಾದೆರೆವ್ಸ್ಕಿ ಆಸ್ಪತ್ರೆ ಇದ್ದದ್ದರಿಂದಲೂ ಹೌದು. ಪರದೇಶದಲ್ಲಿ ವಿದ್ಯಾರ್ಥಿಗೆ ರೋಗಿ ಸಿಕ್ಕಿದ.

ಇನ್ನು ನಮ್ಮ ಕಡೆಯ ಲೆಕ್ಕ. ಭಾರತದಲ್ಲಿ ವೈದ್ಯಕೀಯ ಶಿಕ್ಷಣ ನಿಯಂತ್ರಿಸುವ ಎನ್‌ಎಂಸಿಯ 2021ರ ನಿಯಮದಂತೆ ವಿದೇಶಿ ಕೋರ್ಸ್ ಕನಿಷ್ಠ 54 ತಿಂಗಳಿರಬೇಕು, ಇಂಗ್ಲಿಷಿನಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳು ಇಂಟರ್ನ್‌ಶಿಪ್ ಆಗಬೇಕು, ಊರಿಗೆ ಬಂದು ಮತ್ತೆ 12 ತಿಂಗಳು. ಆನ್‌ಲೈನ್ ಓದು ಇದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಯುದ್ಧದಿಂದ ವಾಪಸ್ಸಾಗಿ ಆನ್‌ಲೈನ್‌ನಲ್ಲೇ ಕೊನೆಯ ವರ್ಷ ಮುಗಿಸಿದವರಿಗೆ 2022ರ ಜುಲೈನಲ್ಲಿ ವಿದೇಶದಲ್ಲಿ ಓದಿದವರು ಭಾರತದಲ್ಲಿ ವೈದ್ಯರಾಗಲು ಪಾಸಾಗಬೇಕಾದ ಎಫ್‌ಎಂಜಿಇ ಪರೀಕ್ಷೆ ಬರೆಯಲು ಬಿಟ್ಟರು, ಆದರೆ ಊರಿನ ಇಂಟರ್ನ್‌ಶಿಪ್ ಎರಡು ವರ್ಷಕ್ಕೇರಿತು. ಬೇರೆ ದೇಶದ ಕಾಲೇಜಿಗೆ ತಾತ್ಕಾಲಿಕವಾಗಿ ಹೋಗಿ ಓದಲು ಬಿಟ್ಟದ್ದೂ ಒಂದೇ ಸಲದ ರಿಯಾಯಿತಿ. ಯುದ್ಧ ನಡೆಯುತ್ತಿದೆ ಎಂದು ಗೊತ್ತಿದ್ದೇ ಹೋದವಳಿಗೆ ಅಂಥ ರಿಯಾಯಿತಿ ಸಿಗುತ್ತದೆಂದು ನಂಬಿ ಹೊರಡಬೇಡ.

ಹಾಗಾಗಿ ಏಜೆಂಟನನ್ನು ಬಿಟ್ಟು ಕಾಲೇಜಿಗೇ ನೇರವಾಗಿ ಬರೆ. ಕ್ಲಾಸ್ ಇದೆಯೇ ಎಂದು ಕೇಳಿದರೆ ಇದೆ ಎಂದೇ ಉತ್ತರ ಬರುತ್ತದೆ. ನಾಲ್ಕನೆಯ ವರ್ಷದ ವಿದೇಶಿ ವಿದ್ಯಾರ್ಥಿ ಈ ವಾರ ಯಾವ ಆಸ್ಪತ್ರೆಯ ಯಾವ ವಾರ್ಡಿನಲ್ಲಿದ್ದಾನೆ, ಒಂದು ತಂಡದಲ್ಲಿ ಎಷ್ಟು ಮಂದಿ, ಆಶ್ರಯ ತಾಣದಲ್ಲಿ ಎಷ್ಟು ಜನರಿಗೆ ಜಾಗ, ಸೈರನ್ನಿಗೆ ನಿಂತ ಗಂಟೆಗಳನ್ನು ಹೇಗೆ ತುಂಬಿಕೊಡುತ್ತಾರೆ, ಇಂಟರ್ನ್‌ಶಿಪ್ ಎಲ್ಲಿ ಎಂದು ಕೇಳು. ಲಿಖಿತ ಉತ್ತರ ಬರುವವರೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡ. ಈಗ ಅಲ್ಲೇ ಓದುತ್ತಿರುವ ನಮ್ಮ ಕಡೆಯ ಒಬ್ಬರೊಂದಿಗಾದರೂ ಮಾತಾಡು.

ನನ್ನನ್ನೇ ಕೇಳಿದರೆ, ಈ ವರ್ಷ ಹೋಗಬೇಡ. ಇನ್ನೊಮ್ಮೆ ನೀಟ್ ಬರೆ. ಅಲ್ಲಿಯ ಕಾಲೇಜುಗಳು ಕೆಟ್ಟವು ಎಂದಲ್ಲ. ಅವರು ಮೊದಲು ತಮ್ಮ ಮಕ್ಕಳನ್ನು ವೈದ್ಯರನ್ನಾಗಿ ಮಾಡಿಕೊಳ್ಳಬೇಕು, ಗಾಯಾಳುಗಳನ್ನು ನೋಡಬೇಕು. ಅದು ಸರಿಯೇ. ನಿನಗಿನ್ನೂ ಹದಿನೆಂಟು, ಒಂದು ವರ್ಷ ಕಾಯಬಹುದು. ಹೋಗಲೇಬೇಕು ಅಂತಿದ್ದರೆ ಕಾಲೇಜಿನ ಉತ್ತರವನ್ನು ಹಾಗೇ ನನಗೆ ಕಳಿಸು, ಇಲ್ಲಿಯ ಸ್ನೇಹಿತರಿಗೆ ತೋರಿಸಿ ಹೇಳುತ್ತೇನೆ.