1818ರ ಈಸ್ಟ್ ಇಂಡಿಯಾ ಕಂಪನಿಯ ರಾಮ-ಸೀತೆ ನಾಣ್ಯ ಅಸಲಿಯೇ?

ಅಜ್ಜನ ಪೆಟ್ಟಿಗೆಯಲ್ಲಿ ಹಳದಿ ಲೋಹದ ನಾಣ್ಯವೊಂದು ಸಿಕ್ಕಿದೆ ಎಂದಿದ್ದೀರಿ. ಒಂದು ಮುಖದಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದರಲ್ಲಿ ಇಂಗ್ಲಿಷಿನಲ್ಲಿ ‘ಈಸ್ಟ್ ಇಂಡಿಯಾ ಕಂಪನಿ’, ‘ಯುಕೆಎಲ್ ಒನ್ ಆಣಾ’, ‘1818’. ಮೊಬೈಲಿನಲ್ಲಿ ಪರಿಚಯವಾದವರೊಬ್ಬರು ಲಕ್ಷಗಟ್ಟಲೆ ಬೆಲೆ ಹೇಳಿ, ಮೊದಲು ನೋಂದಣಿ ಶುಲ್ಕ ಕಳಿಸಿ ಎನ್ನುತ್ತಿದ್ದಾರೆ. ದಯವಿಟ್ಟು ಒಂದು ರೂಪಾಯಿಯನ್ನೂ ಕಳಿಸಬೇಡಿ. ಇದು ಕಂಪನಿಯ ನಾಣ್ಯವಲ್ಲ.

ನಾಣ್ಯ ಕೈಗೆ ಬಂದ ಕೂಡಲೇ ಉಜ್ಜಿ ನೋಡುವವರು, ಅಯಸ್ಕಾಂತ ಹಿಡಿಯುವವರು ಬಹಳ. ನಾನು ಮೊದಲು ಅದನ್ನು ಓದುತ್ತೇನೆ. ಆ ಇಸವಿಯಲ್ಲಿ, ಆ ಹೆಸರಿನವರು, ಆ ಬೆಲೆಯ ನಾಣ್ಯವನ್ನು ಹೊರಡಿಸಿದ್ದು ಉಂಟೇ? ಎಷ್ಟೋ ನಕಲಿಗಳು ಈ ಪ್ರಶ್ನೆಗೇ ಸಿಕ್ಕಿಬೀಳುತ್ತವೆ, ತಕ್ಕಡಿಯವರೆಗೆ ಹೋಗಬೇಕಾಗಿಲ್ಲ.

ನಿಮ್ಮದನ್ನೇ ತೆಗೆದುಕೊಳ್ಳಿ. 1818ರಲ್ಲಿ ಬಂಗಾಳದಲ್ಲಿ ಕಂಪನಿ ಹೊಡೆಸುತ್ತಿದ್ದ ರೂಪಾಯಿಯ ಮೇಲೆ ಇದ್ದದ್ದು ಪಾರ್ಸಿ (ಪರ್ಷಿಯನ್) ಬರಹ, ಅದರಲ್ಲಿ ಮೊಗಲ್ ಬಾದಶಹ ಎರಡನೇ ಷಾ ಆಲಂನ ಹೆಸರು. ಆತ 1806ರಲ್ಲೇ ತೀರಿಕೊಂಡಿದ್ದ! ಆದರೂ ಜನರಿಗೆ ರೂಢಿಯಾಗಿದ್ದ ಆ ಹೆಸರನ್ನು ಕಂಪನಿ ಕೈಬಿಟ್ಟಿರಲಿಲ್ಲ. ತನ್ನ ಎಲ್ಲ ಪ್ರಾಂತಗಳಿಗೂ ಒಂದೇ ಬಗೆಯ ರೂಪಾಯಿಯನ್ನು, ದೊರೆ ನಾಲ್ಕನೇ ವಿಲಿಯಂನ ತಲೆಯೊಂದಿಗೆ, ಅದು ತಂದದ್ದು 1835ರಲ್ಲಿ. ಕಂಪನಿಯ ಹೆಸರು ಇಂಗ್ಲಿಷಿನಲ್ಲಿರುವ ತಾಮ್ರದ ನಾಣ್ಯಗಳು ಅದಕ್ಕೂ ಮೊದಲೇ ಇದ್ದವು ನಿಜ. 1808ರ ಮದ್ರಾಸಿನ 10 ಮತ್ತು 20 ಕಾಸುಗಳು ಇಂಗ್ಲೆಂಡಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬಂದವು. ಅವುಗಳ ಮೇಲಿರುವುದು ಕಂಪನಿಯ ಲಾಂಛನ. ಮದ್ರಾಸಿನ ಚಿನ್ನದ ವರಹಗಳ ಮೇಲೆ ದೇವರೂ ಇದ್ದಾನೆ, ಆದರೆ ಅದು ದಕ್ಷಿಣದ ಹಳೆಯ ವರಹದ ಮಾದರಿಯ ಮುಂದುವರಿಕೆ. ಆಣೆಗೂ ಅದಕ್ಕೂ ಸಂಬಂಧವಿಲ್ಲ. ಬ್ರಿಟಿಷ್ ಇಂಡಿಯಾದ ಒಂದಾಣೆ ನಾಣ್ಯ ಚಲಾವಣೆಗೆ ಬಂದದ್ದೇ ಏಳನೇ ಎಡ್ವರ್ಡ್ ಕಾಲದಲ್ಲಿ, 1907ರ ಹೊತ್ತಿಗೆ: ನಿಕ್ಕಲ್ ಬೆರೆತ ಬಿಳಿ ಲೋಹ, ಅಲೆಅಲೆಯಾದ ಅಂಚು. ಇದೇ ರಾಮ-ಸೀತೆಯ ನಾಣ್ಯವನ್ನು 1616, 1717 ಎಂಬ ಇಸವಿಗಳಲ್ಲೂ ಮಾರುತ್ತಾರೆ. 1616ರಲ್ಲಿ ಕಂಪನಿ ಸೂರತ್ತಿನಲ್ಲಿ ಕೋಠಿ (ವ್ಯಾಪಾರದ ಮಳಿಗೆ) ಹಾಕಿಕೊಂಡಿದ್ದ ವ್ಯಾಪಾರಿ ಅಷ್ಟೇ.

ಹಾಗಾದರೆ ಈ ಚಿತ್ರ ಬಂದದ್ದೆಲ್ಲಿಂದ? ರಾಮಟಂಕಗಳಿಂದ. ಪೂಜೆಗೆ, ಕಾಣಿಕೆಗೆ ಎಂದು ರಾಮಪಟ್ಟಾಭಿಷೇಕದ ಚಿತ್ರವಿರುವ ಬಿಲ್ಲೆಗಳನ್ನು ಮಾಡಿಸುವ ವಾಡಿಕೆ ಹಿಂದಿನಿಂದಲೂ ಇದೆ. ಅವು ಯಾವತ್ತೂ ಹಣವಾಗಿರಲಿಲ್ಲ, ಯಾರಿಗೂ ಮೋಸ ಮಾಡಲು ಹುಟ್ಟಿದವೂ ಅಲ್ಲ. ಹಳೆಯ ಬೆಳ್ಳಿಯ ರಾಮಟಂಕವನ್ನು ನಾನು ಪ್ರೀತಿಯಿಂದಲೇ ಕೈಗೆತ್ತಿಕೊಳ್ಳುತ್ತೇನೆ. ಮೋಸ ಇರುವುದು ಅದರ ಹಿಂಬದಿಗೆ ಕಂಪನಿಯ ಹೆಸರು, ಸುಳ್ಳು ಇಸವಿ ಅಂಟಿಸಿದ್ದರಲ್ಲಿ. ಅಕ್ಕಿಕಾಳನ್ನು ಸೆಳೆಯುತ್ತದೆ ಎಂದು ‘ರೈಸ್ ಪುಲ್ಲಿಂಗ್’ ಹೆಸರಿನಲ್ಲಿ ಇಂಥದ್ದನ್ನೇ ತೋರಿಸಿ ಜನರ ಹಣ ನುಂಗುತ್ತಾರೆ. ಯಾವ ನಾಣ್ಯವೂ ಅಕ್ಕಿಯನ್ನು ಸೆಳೆಯುವುದಿಲ್ಲ. ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿ ಅಯಸ್ಕಾಂತ ಅಡಗಿಸಿಟ್ಟರೆ ಸಾಕು. ಹಳೆಯ ನಾಣ್ಯ, ನೋಟುಗಳ ವ್ಯವಹಾರಕ್ಕೆ ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಎಚ್ಚರಿಸಿದೆ.

ಇನ್ನು, ನೀವು ಕೊನೆಯ ಸಾಲಿನಲ್ಲಿ ‘ಜೊತೆಗೆ ಆನೆ ಇರುವ ಒಂದು ಕಪ್ಪು ಕಾಸೂ ಇದೆ’ ಎಂದು ಬರೆದು ಬಿಟ್ಟಿದ್ದೀರಿ. ನನ್ನ ಕುತೂಹಲವೆಲ್ಲ ಅದರ ಮೇಲೆ. ಅದರ ಹಿಂಬದಿಯಲ್ಲಿ ಪಾರ್ಸಿ ಅಕ್ಷರಗಳಿದ್ದರೆ ಟಿಪ್ಪುವಿನ ಕಾಲದ್ದಿರಬಹುದು. ಕನ್ನಡ ಅಕ್ಷರಗಳಿದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರದ್ದು. ಟಿಪ್ಪುವಿನ ಆನೆ ಕಾಸಿಗೆ ನಕಲಿಗಳೂ ಇವೆ, ಆದ್ದರಿಂದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅಚ್ಚಿನ ನಡುವೆ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಹೊಡೆದ ಕಾಸಿನಲ್ಲಿ ಆನೆಯ ಗೆರೆಗಳು ಚುರುಕಾಗಿರುತ್ತವೆ, ಎಷ್ಟೋ ಸಲ ಚಿತ್ರ ಒಂದು ಬದಿಗೆ ಸರಿದು ಸೊಂಡಿಲೋ ಬಾಲವೋ ಹೊರಗುಳಿದಿರುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಅಂಚಿನ ಸುತ್ತ ಸಣ್ಣ ಬೆಸುಗೆಯಂಥ ಗೆರೆ, ಮೈಮೇಲೆ ಗುಳ್ಳೆ ಒಡೆದ ಸೂಜಿಮೊನೆಯಷ್ಟು ಕುಳಿಗಳು, ಸವೆದ ಸಾಬೂನಿನಂತೆ ಮೊಂಡಾದ ಅಕ್ಷರಗಳು ಕಾಣುತ್ತವೆ. ಪ್ರವಾಸಿ ತಾಣದ ರಾಶಿಯಿಂದ ಎರಡನ್ನು ಪಕ್ಕಪಕ್ಕ ಇಟ್ಟರಂತೂ ಒಂದರ ಮೇಲಿನ ಗೀರು ಇನ್ನೊಂದರ ಮೇಲೂ ಅದೇ ಜಾಗದಲ್ಲಿರುತ್ತದೆ. ಸುತ್ತಿಗೆಯಿಂದ ಹೊಡೆದ ಎರಡು ಕಾಸುಗಳು ಹಾಗೆ ಒಂದೇ ಸಮ ಇರಲಾರವು.

ಚಿನ್ನಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ನಿಮ್ಮ ಆನೆ ಕಾಸನ್ನು ತೂಗಿಸಿ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಆ ಕಪ್ಪು ಹೋದರೆ ಮತ್ತೆ ಬರುವುದಿಲ್ಲ, ಸಂಗ್ರಾಹಕರು ಕೊಡುವ ಬೆಲೆಯೂ ಅದರೊಂದಿಗೇ ಹೋಗುತ್ತದೆ. ತೂಕ ಎಷ್ಟು ಗ್ರಾಂ, ಅಡ್ಡಗಲ ಎಷ್ಟು ಮಿಲಿಮೀಟರ್ ಎಂದು ಬರೆದು, ಎರಡೂ ಮುಖಗಳ ಮತ್ತು ಅಂಚಿನ ಚಿತ್ರಗಳನ್ನು ಹಗಲು ಬೆಳಕಿನಲ್ಲಿ ತೆಗೆದು ಕಳಿಸಿ. ಖಂಡಿತ ನೋಡಿ ಹೇಳುತ್ತೇನೆ.